ಕೆಂಪು ಗೀಟಿನ ಮೈಕು

ಗಡಿಯಾರದ ಟಿಕ್‌ಟಿಕ್ ಕೂಡ ಈಗ ಜೋರಾಗಿ ಕೇಳುತ್ತಿದೆ, ಅದರ ಸೆಲ್ಲನ್ನೂ ತೆಗೆದಿಡಬೇಕಿತ್ತು, ಮರೆತೆ — ಕುಕ್ಕರ್ ಇಟ್ಟಿಲ್ಲ, ಬಾಗಿಲ ಬೆಲ್ಲಿನ ಸ್ವಿಚ್ಚು ಆರಿಸಿದ್ದೇನೆ, ಮಹಡಿ ಮನೆಯ ವಿಭಾಳಿಗೆ ಮಿಕ್ಸಿ ಹಾಕಬೇಡಮ್ಮ ಎಂದಿದ್ದೇನೆ, ಚಟ್ನಿ ಇಲ್ದೆ ದೋಸೆ ತಿನ್ನೋದಾ ಅಜ್ಜಿ, ಇದೇನ್ ಕರ್ಫ್ಯೂನಾ, ಎಂದು ನಕ್ಕಳು, ಆದರೂ ಹಾಕಿಲ್ಲ, ಒಳ್ಳೆಯ ಹುಡುಗಿ. ದೀಪ ಹಚ್ಚಿದೆ, ಗಂಟೆ ಬಾರಿಸಲಿಲ್ಲ, ಮದುವೆಯಾಗಿ ಈ ಜಯನಗರದ ಮನೆಗೆ ಬಂದಮೇಲೆ ಇದೇ ಮೊದಲು, ದೇವರು ಒಂದು ಸಂಜೆ ಕಾಯುತ್ತಾನೆ. ಊಟದ ಮೇಜಿನ ಮುಂದೆ ಹಿಬಾ, ಬೆನ್ನು ನೆಟ್ಟಗೆ, ಎದುರಿಗೆ ಲ್ಯಾಪ್‌ಟಾಪು, ಅದರೊಳಗೆ ಯೂರೋಪಿನಲ್ಲಿ ನಡೆಯುವ ವಿಶ್ವಸಂಸ್ಥೆಯ ಸಭೆ, ಎಲ್ಲ ದೇಶಗಳ ನಿರಾಶ್ರಿತರಿಗೆ ಹೊಸ ನಿಯಮ ಬರೆಯುವವರು, ಅವರ ಮಾತನ್ನೂ ಕೇಳುತ್ತೇವೆಂದು ಸುಡಾನಿನಿಂದ ಬಂದ ಇವಳನ್ನು ಕರೆದಿದ್ದಾರೆ — ಬಿಟಿಎಂ ಲೇಔಟಿನ ಇವಳ ರೂಮಿನಲ್ಲಾದರೆ ಪಕ್ಕದ ಮಡಿವಾಳ ರಸ್ತೆಯ ಹಾರ್ನೇ ಭಾಷಣ ಮಾಡುತ್ತದೆ, ಇಲ್ಲಿಗೆ ಬಾ ಎಂದೆ. ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಒಂದು ದಿನ ನನ್ನ ತರಕಾರಿ ಚೀಲ ತಾನೇ ಎತ್ತಿಕೊಂಡವಳು, ಆಂಟಿ, ನೀವು ಬರೀ ನಡೀರಿ, ಎಂದವಳು. ಹೇಳಬೇಕಾದ್ದು ಒಂದೇ ಮಾತು, ಬೆಳಗಿನಿಂದ ಕೇಳಿ ಕೇಳಿ ನನಗೂ ಬಾಯಿಪಾಠ, ಮಗುವನ್ನು ಶಾಲೆಗೆ ಸೇರಿಸಲು ತಂದೆಯ ಸಹಿ ಕೇಳಬೇಡಿ, ಯುದ್ಧದಲ್ಲಿ ಕಾಣೆಯಾದ ತಂದೆಯನ್ನು ಎಲ್ಲಿಂದ ತರಲಿ. ಇವಳ ಮಗಳು ಶಾಲೆಯಿಲ್ಲದೆ ಎರಡು ವರ್ಷದಿಂದ ಮನೆಯಲ್ಲೇ ಇದ್ದಾಳೆ, ನಿಯಮದಲ್ಲಿ ಈ ಸಾಲು ಸೇರಿಬಿಟ್ಟರೆ — ಆದರೆ ಪರದೆಯಲ್ಲಿ ಇವಳ ಮುಖದ ಕೆಳಗೆ ಪುಟ್ಟ ಮೈಕು, ಅದರ ಮೇಲೆ ಅಡ್ಡ ಕೆಂಪು ಗೀಟು, ಅದಿರುವವರೆಗೆ ಇವಳ ಮಾತು ಅಲ್ಲಿ ಕೇಳದಂತೆ, ಅದನ್ನು ಸಭೆಯವರೇ ತೆಗೆಯಬೇಕಂತೆ. ಟೈ ಕಟ್ಟಿದವರು ಮುಗಿಸುತ್ತಲೇ ಇಲ್ಲ, ನಿರಾಶ್ರಿತರ ಧ್ವನಿ, ನಿರಾಶ್ರಿತರ ಧ್ವನಿ, ಎಷ್ಟು ಸಲ ಅಂದರು, ಇವಳು ಕೈ ಎತ್ತಿದ್ದಾಳೆ, ಎತ್ತಿಯೇ ಇದ್ದಾಳೆ — ಅಂದು ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರಲ್ಲ, ಹುಡುಗಿಗೆ ಹಾಡು ಬರುತ್ತಾ, ಬರುತ್ತೆ ಎಂದರು ಅಪ್ಪ, ಕೆಲಸಕ್ಕೆ ಹೋಗಬಹುದಾ ಎಂಬ ಪ್ರಶ್ನೆಯನ್ನು ತುಟಿಯವರೆಗೆ ತಂದುಕೊಂಡಿದ್ದೆ, ಅಷ್ಟರಲ್ಲಿ ಎಲ್ಲರೂ ತಾಂಬೂಲ ತೆಗೆದುಕೊಂಡು ಎದ್ದಿದ್ದರು.

ಸಮಯ ಮುಗಿಯಿತು, ಮಿಸ್ ಹಿಬಾ ಭಾಗವಹಿಸಿದ್ದಕ್ಕೆ ವಿಶೇಷ ಧನ್ಯವಾದ, ಎಂದರು, ಗೀಟು ಹಾಗೇ ಇತ್ತು, ಚಪ್ಪಾಳೆ, ಕಪ್ಪು ಪರದೆ. ಮಲಗಿದ ಮಗುವಿಗೆ ಹೊದಿಸುವ ಹಾಗೆ ಲ್ಯಾಪ್‌ಟಾಪು ಮುಚ್ಚಿದಳು. ಕಾಫಿ ಕುಡಿದಳು, ಬೇಡವೆಂದರೂ ಲೋಟ ತೊಳೆದಿಟ್ಟಳು, ಬಾಗಿಲಲ್ಲಿ ತಿರುಗಿ, ಆಂಟಿ, ನಿಮ್ ಮನೆ ತುಂಬಾ ಚೆನ್ನಾಗಿ ಸುಮ್ನೆ ಇತ್ತು, ಥ್ಯಾಂಕ್ಸ್, ಎಂದಳು, ಹೋದಳು. ಈ ಮನೆಗೆ ಸುಮ್ಮನಿರುವುದು ಹೊಸದಲ್ಲ ಮಗಳೇ, ಇವತ್ತೊಂದು ದಿನ ಆ ಮೌನಕ್ಕೆ ಕೆಲಸವಿತ್ತು. ಈಗ ಕುಕ್ಕರ್ ಇಡಬಹುದು, ಬೆಲ್ಲಿನ ಸ್ವಿಚ್ಚು ಹಾಕಬಹುದು, ಯಾರು ಬರುತ್ತಾರೆ, ಮೇಲೆ ಮಿಕ್ಸಿ ತಿರುಗತೊಡಗಿತು, ಪಾಪ ಇಷ್ಟು ಹೊತ್ತು ಕಾದಿದ್ದಾಳೆ, ದೇವರ ಮುಂದೆ ಗಂಟೆ ಎತ್ತಿಕೊಂಡೆ, ಎತ್ತಿದ ಕೈ ಹಾಗೇ ನಿಂತಿದೆ, ಬಾರಿಸಬೇಕು, ಬಾರಿಸು — ಕಣ್ಣ ಮುಂದೆ ಅದೇ ಪುಟ್ಟ ಮೈಕು, ಅದರ ಮೇಲೆ ಅಡ್ಡ ಕೆಂಪು ಗೀಟು.