ಹಲಗೆಯ ಮೇಲಿನ ಎರಡನೆಯ ಪದ

ಮರ ಹತ್ತುವವರ ಸಂಘದ ಕೋಣೆ ಇದ್ದದ್ದು ಗರಗಸಕ್ಕೆ ಸಾಣೆ ಹಿಡಿಯುವ ಅಂಗಡಿಯ ಮಹಡಿಯಲ್ಲಿ. ಚಿಕ್ಕಪ್ಪ ಒಲ್ಲದ ಮನಸ್ಸಿನಿಂದಲೇ ಮೆಟ್ಟಿಲು ಹತ್ತಿದ. ಅಣ್ಣನ ಮಗಳು ಹಾಗೆ ಕರೆಯುತ್ತಾಳೆಂದು ಮರ ಕಡಿಯುವವರೆಲ್ಲರ ಬಾಯಲ್ಲೂ ಅವನು ಚಿಕ್ಕಪ್ಪನೇ.

“ಸಂಘಕ್ಕೆ ಸೇರಿದ್ರೆ ಕೊಂಬೆ ಹೇಳಿ ಕೇಳಿ ಮುರಿಯುತ್ತಾ?” ಎಂದು ದಾರಿಯುದ್ದಕ್ಕೂ ಗೊಣಗಿದ್ದ.

“ಸೋಮವಾರ ನಾನು ಹತ್ತಬೇಕು, ನೀನು ಕೆಳಗೆ ಹಗ್ಗ ಹಿಡೀಬೇಕು. ಸದಸ್ಯರಲ್ಲದೋರಿಗೆ ಉದ್ಯಾನದ ಕೆಲಸ ಕೊಡಲ್ಲ. ಸುಮ್ನೆ ಬಾ ಚಿಕ್ಕಪ್ಪಾ,” ಎಂದಿದ್ದಳು ಹುಡುಗಿ. ಮರ ಹತ್ತುವವರ ಪರವಾಗಿ ಮನೆಯವರೊಬ್ಬರು ಸಹಿ ಹಾಕಬೇಕಂತೆ. ಅದಕ್ಕಾಗಿ ಹುಡುಗಿಯ ತಾಯಿ, ಅವನ ಅತ್ತಿಗೆಯೂ ಬಂದಿದ್ದಳು.

ಒಳಗೆ ಕರಿಹಲಗೆಯ ಮೇಲೆ ಕಾರ್ಯದರ್ಶಿ ಮೂರು ಪದ ಬರೆದಿದ್ದ. ಹಿಡಿ. ಬಿಡು. ನಿಲ್ಲು.

“ಮರದ ಮೇಲಿಂದ ಇನ್ಮೇಲೆ ಈ ಮೂರೇ ಕೂಗು. ಎಲ್ಲಾ ತಂಡಕ್ಕೂ ಒಂದೇ. ಆಕ್ಷೇಪಣೆ ಇದ್ರೆ ಈಗ್ಲೇ ಹೇಳಿ, ಆದ್ರೆ ಕಾರಣ ಬೇಕು. ಒಬ್ರು ಪಟ್ಟ ಪಾಡು ಇನ್ನೊಬ್ರು ಪಡಬಾರದು ಅಂತಾನೇ ಸಂಘ ಮಾಡ್ಕೊಂಡಿರೋದು.”

ಎರಡನೆಯ ಪದ ಕಂಡದ್ದೇ ಚಿಕ್ಕಪ್ಪ ತಾನು ಕೂತಿದ್ದ ಕುರ್ಚಿಯ ಅಂಚು ಹಿಡಿದುಕೊಂಡ.

ಹನ್ನೊಂದು ವರ್ಷದಿಂದ ಆ ಪದ ಅವನ ಬೆನ್ನು ಬಿಟ್ಟಿಲ್ಲ. ಯಾವ ಮರದ ಕೆಳಗೆ ನಿಂತರೂ ಎಲೆಗಳ ನಡುವಿನಿಂದ ಅಣ್ಣನ ದನಿ ಬರುತ್ತಿತ್ತು. ಹೆಂಡತಿ ಮಾತಿಗೆ “ಬಿಡಿ, ನಾಳೆ ನೋಡೋಣ” ಎಂದರೂ ಅವನ ಬೆರಳುಗಳು ಬಿಗಿಯುತ್ತಿದ್ದವು. ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ನೋಡಿದವರು ನಗುತ್ತಿದ್ದರು. ನಗಲಿ ಪಾಪ, ಅವರಿಗೇನು ಗೊತ್ತು?

ಅಣ್ಣನನ್ನು ಎಲ್ಲರೂ ಉಡ ಎನ್ನುತ್ತಿದ್ದರು. ಕೊಂಬೆಗೆ ಒಮ್ಮೆ ಅಂಟಿದನೆಂದರೆ ಮುಗಿಯಿತು. ಆ ದಿನ ಅವನು ಇವನು ಕೆಳಗೆ ಹಿಡಿದಿದ್ದ ಹಗ್ಗಕ್ಕೆ ಮೈಭಾರ ಕೊಟ್ಟು ಹಿಂದಕ್ಕೆ ವಾಲಿ, ಎರಡು ಕೈಯಲ್ಲೂ ಗರಗಸ ಎಳೆಯುತ್ತಿದ್ದ. ಗರಗಸ ಸಿಕ್ಕಿಕೊಂಡಿತು. “ಬೇರೆದು ಕಳಿಸ್ಲಾ?” ಎಂದು ಇವನು ಕೆಳಗಿನಿಂದ ಕೂಗಿದ.

“ಬಿಡು!” ಎಂದ ಅಣ್ಣ. ಬೇಡ, ಇದರಲ್ಲೇ ಆಗುತ್ತೆ ಎಂಬರ್ಥದ ಬಿಡು. ಆದರೆ ಹಗ್ಗ ಸಡಿಲಿಸಲು ಹೇಳುತ್ತಿದ್ದದ್ದೂ ಅದೇ ಪದವೇ. ಕೈ ಯೋಚನೆ ಮಾಡಲಿಲ್ಲ, ಬಿಟ್ಟಿತು. ಅಣ್ಣ ಬಿದ್ದವನು ಮತ್ತೆ ಏಳಲಿಲ್ಲ.

ಹಗ್ಗ ಹಳತು, ಜಾರಿತು ಎಂದು ಎಲ್ಲರೂ ಹಗ್ಗದ ಮೇಲೆ ಗೂಬೆ ಕೂರಿಸಿದರು. ಇವನು ತುಟಿ ಬಿಚ್ಚಲಿಲ್ಲ. ಅತ್ತಿಗೆ ಮಾತ್ರ ಎಷ್ಟೋ ಸಲ ಕೇಳಿದ್ದಳು, “ಕೊನೆಗೆ ಏನಾದ್ರೂ ಅಂದ್ರಾ?” ಇವನು ಪ್ರತಿ ಸಲವೂ “ಏನೂ ಅನ್ಲಿಲ್ಲ ಅತ್ತಿಗೆ” ಎಂದಿದ್ದ.

ಈಗ ಬಾಯಿ ಬಿಟ್ಟರೆ ಅತ್ತಿಗೆ ಮಗಳ ಹಗ್ಗವನ್ನು ಇವನ ಕೈಗೆ ಕೊಡುವಳೇ? ಮನೆಯ ಬಾಗಿಲಾದರೂ ತೆಗೆಯುವಳೇ? ಸುಮ್ಮನಿದ್ದರೆ ಸೋಮವಾರ ಹುಡುಗಿ ಮೇಲಿರುತ್ತಾಳೆ, ಆ ಪದವೂ ಅಲ್ಲೇ ಇರುತ್ತದೆ.

“ಯಾರದೂ ಆಕ್ಷೇಪಣೆ ಇಲ್ವಲ್ಲ?” ಎಂದ ಕಾರ್ಯದರ್ಶಿ.

“ಎರಡನೇದು ಅಳಿಸಿ,” ಎಂದ ಚಿಕ್ಕಪ್ಪ.

“ಕಾರಣ?”

ಅವನು ಹೇಳಿದ. ಹಲಗೆಯನ್ನೇ ನೋಡುತ್ತಾ, ಒಂದನ್ನೂ ಮುಚ್ಚಿಡದೆ ಹೇಳಿದ. ಕೆಳಗಿನ ಅಂಗಡಿಯ ಸಾಣೆಕಲ್ಲು ತಿರುಗುತ್ತಲೇ ಇತ್ತು. ಹುಡುಗಿ ಅಮ್ಮನ ಮುಖ ನೋಡಿದಳು.

ಹನ್ನೊಂದು ವರ್ಷ ಹೆದರಿದ್ದ ಪದವನ್ನೇ ಅತ್ತಿಗೆ ಒಂದು ಸಲ ಅಂದುಬಿಡಲಿ ಎಂದು ಅವನ ಜೀವ ಹಂಬಲಿಸಿತು. ಬಿಡು, ಆದದ್ದಾಯಿತು ಎಂದರೆ ಸಾಕಿತ್ತು.

“ಹೇಗಂದ್ರು?” ಎಂದಳು ಅತ್ತಿಗೆ. “ಅವರು ಅಂದ ಹಾಗೇ ಅನ್ನು.”

ಅವನು ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದು, ಅಣ್ಣನ ದನಿಯಲ್ಲಿ, ತುಸು ರೇಗಿದಂತೆ, ತುಸು ನಕ್ಕಂತೆ ಅಂದ. “ಬಿಡು!”

ಅತ್ತಿಗೆ ಕಣ್ಣು ಮುಚ್ಚಿಕೊಂಡಳು. “ಹೌದು. ಇನ್ನೊಂದು ತುತ್ತು ಹಾಕ್ಲಾ ಅಂದ್ರೂ ಹೀಗೇ ಅಂತಿದ್ರು.” ಕಣ್ಣು ತೆರೆದಳು. “ನಾನು ಮಾತ್ರ ಬಿಡು ಅನ್ನಲ್ಲ ಮಾರಾಯ. ನನ್ನ ಕೈಲಿ ಆಗಲ್ಲ.”

ಕಾರ್ಯದರ್ಶಿ ಎದ್ದು ಎರಡನೆಯ ಪದ ಒರೆಸಿದ. ಆ ಜಾಗದಲ್ಲಿ ‘ಸಡಿಲ’ ಎಂದು ಬರೆದ. ಒರೆಸಿದ ಬಿಳಿ ಗುರುತು ಅದರ ಹಿಂದೆ ಹಾಗೇ ಉಳಿಯಿತು.

ಅತ್ತಿಗೆ ಅರ್ಜಿಯನ್ನು ತನ್ನತ್ತ ಎಳೆದುಕೊಂಡಳು. ಸಹಿ ಹಾಕಿದಳು. ಹಗ್ಗ ಹಿಡಿಯುವವರು ಎಂಬ ಖಾಲಿ ಗೆರೆಯ ಮೇಲೆ ಅವಳ ಲೇಖನಿ ನಿಂತಿತು. ಮಗಳತ್ತ ನೋಡಿದಳು, ಕುರ್ಚಿಯ ಅಂಚಿನ ಮೇಲೆ ಬಿಳಿಚಿಕೊಂಡಿದ್ದ ಮೈದುನನ ಬೆರಳುಗಳನ್ನು ನೋಡಿದಳು. ಆಮೇಲೆ ಅವನ ಹೆಸರನ್ನು ಪೂರ್ತಿಯಾಗಿ ಬರೆದು ಕಾಗದ ಚಾಚಿದಳು.

“ಹಿಡಿ,” ಎಂದಳು.

ಅವನು ಎರಡು ಕೈಯಲ್ಲೂ ಹಿಡಿದುಕೊಂಡ.