ತೆಗೆದುಹಾಕಿದರೂ ಹೋಗದ್ದು

ಕಂಪ್ಯೂಟರ್ ಮುಟ್ಟಬೇಡಿ ಅಂದರೆ ನಮ್ಮ ಭಾವನವರಿಗೆ ಕೈ ತುರಿಸುತ್ತದೆ. ಅಕ್ಕನ ಹಲ್ಲಿನ ಕ್ಲಿನಿಕ್ಕಿಗೆ ರೋಗಿಗಳ ವಿವರ ಇಡುವ ಹೊಸ ಡೇಟಾಬೇಸ್ ಹಾಕಿಕೊಟ್ಟಾಗ ಬಿಡಿಸಿ ಬಿಡಿಸಿ ಹೇಳಿದ್ದೆ: "ಕೌಂಟರಿನ ಕಂಪ್ಯೂಟರನ್ನ ನಾನೇ ಬಂದು ಹೊಸದಕ್ಕೆ ಜೋಡಿಸ್ತೀನಿ. ಅಲ್ಲೀವರೆಗೆ ಎರಡು ಕಡೇನೂ ಹಳೇದೇ ಇರ್ಲಿ, ಭಾವ."

ಕೇಳಿದರೆ ತಾನೆ! ಒಳಗಿನ ಕೋಣೆಯಲ್ಲಿ ಹೊಸದನ್ನು ಶುರುಮಾಡಿ, ಹಳೆಯದನ್ನು ತಾವೇ ಕಿತ್ತುಹಾಕಿದರು. "ನಿನ್ನ ಅರ್ಧ ಕೆಲಸ ಉಳಿಸಿದೀನಿ. ಕೌಂಟರ್ ಕೂಡ ತಾನಾಗೇ ಹೊಸದಕ್ಕೆ ಬಂತು, ಒಂದು ತಕರಾರಿಲ್ಲ" ಎಂದು ಫೋನಿನಲ್ಲಿ ಬೀಗಿದರು. ಒಳಗಿನ ಕಂಪ್ಯೂಟರ್ ಮಾತ್ರ ಆಮೆಯಾಗಿತ್ತು. ಅದಕ್ಕೇ ನನ್ನನ್ನು ಕರೆಸಿದ್ದು.

ಪಕ್ಕದ ಕುರ್ಚಿಯಲ್ಲಿದ್ದವರ ಹಲ್ಲನ್ನು ಅಕ್ಕ ಶುಚಿ ಮಾಡುತ್ತಿದ್ದಳು. ನಾನು ಒಳಗಿನ ಕಂಪ್ಯೂಟರಿನಲ್ಲಿ ಸರ್ವಿಸ್‌ಗಳ ಪಟ್ಟಿ ತೆರೆದೆ. ಪರದೆಯ ಮೇಲೆ ಕಾಣಿಸಿಕೊಳ್ಳದೆ ಹಿಂದೆ ಕೆಲಸ ಮಾಡುವ ಪ್ರೋಗ್ರಾಮುಗಳು ಅವು. ಕಿತ್ತುಹಾಕಿದ ಡೇಟಾಬೇಸಿನ ಸರ್ವಿಸ್ ಜಗ್ಗದೆ ಓಡುತ್ತಿತ್ತು. ಭಾವ ತೆಗೆದದ್ದು ಐಕಾನ್ ಮಾತ್ರ ಅಂತ ನಗು ಬಂತು. ಅಳಿಸುವ ಮೊದಲು ಅದನ್ನು ನಿಲ್ಲಿಸಿದೆ.

"ಏನ್ ಮಾಡಿದ್ಯೇ? ಇಲ್ಲಿ ಹೆಸರು ಸೇವ್ ಆಗ್ತಿಲ್ಲ!" ಹೊರಗೆ ಕೌಂಟರಿನಲ್ಲಿ ಕೂತಿದ್ದ ಭಾವ ಕೂಗಿದರು.

ನನ್ನ ನಗು ಅಲ್ಲೇ ಸತ್ತಿತು. ಕೌಂಟರ್ ಹೊಸದಕ್ಕೆ ಬಂದೇ ಇರಲಿಲ್ಲ. ಭಾವ ಅಲ್ಲಿ ಬರೆದದ್ದೆಲ್ಲ ನಾನು ಈಗ ನಿಲ್ಲಿಸಿದ ಹಳೆಯದಕ್ಕೇ ಸೇರುತ್ತಿತ್ತು, ಅಕ್ಕ ನೋಡುತ್ತಿದ್ದದ್ದು ಹೊಸದನ್ನು. ಹಳೆಯದು ನಿಜವಾಗಿ ಸತ್ತಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

"ಅಕ್ಕಾ, ಹೊಸಬರ ವಿವರ ನಿನಗೆ ಕಾಣ್ತಿತ್ತಾ?"

"ಹೆಸರೂ ಬಂದಿರ್ತಿರ್ಲಿಲ್ಲ, ನಾನೇ ಹಾಕ್ಕೋತಿದ್ದೆ. ಉಳಿದದ್ದು ಖಾಲಿ. ರೋಗಿಗೆ ತೊಂದರೆ ಏನಾದ್ರೂ ಇದ್ರೆ ನಿಮ್ಮ ಭಾವ ಬರೀತಿದ್ರು, ಬರ್ದಿಲ್ಲ ಅಂದ್ರೆ ಏನೂ ಇಲ್ಲ ಅಂದ್ಕೊಂಡೆ."

ಮೈಗೆ ಒಗ್ಗದ ಔಷಧಿ ಯಾವುದೆಂದು ಕೇಳುವುದು ಆ ಕ್ಲಿನಿಕ್ಕಿನಲ್ಲಿ ಕೌಂಟರಿನ ಕೆಲಸ. ಕೇಳಿದ್ದನ್ನೇ ಒಳಗೂ ಕೇಳಿದರೆ ಜನ ರೇಗುತ್ತಾರೆಂದು ಅಕ್ಕ ಆ ರೂಢಿ ಮಾಡಿದ್ದಳು. ಸರ್ವಿಸನ್ನು ಮತ್ತೆ ಶುರುಮಾಡಿ ಕೌಂಟರಿಗೆ ಓಡಿದೆ. ಭಾವ ಒಂದೊಂದೇ ಹೆಸರು ತೆರೆದರು. ನಿನ್ನೆ ದವಡೆ ಊದಿಕೊಂಡು ಬಂದಿದ್ದ ದರ್ಜಿ ಹೆಂಗಸಿನ ಹೆಸರಿನ ಮುಂದೆ, ಪೆನ್ಸಿಲಿನ್ ಒಗ್ಗುವುದಿಲ್ಲ ಎಂದಿತ್ತು.

ನನ್ನ ಹಿಂದೆಯೇ ಬಂದಿದ್ದ ಅಕ್ಕ ಅದನ್ನು ಓದಿ ಬಿಳಿಚಿಕೊಂಡಳು. "ಅದೇ ಜಾತಿ ಮಾತ್ರೆ ಬರ್ಕೊಟ್ಟಿದೀನಿ ಕಣೇ."

ಫೋನ್ ಮಾಡಿದರೆ ಎತ್ತುವವರಿಲ್ಲ. ಮತ್ತೆ ಮಾಡಿದಾಗ ಗಂಡ ಎತ್ತಿದ. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಮುಖವೆಲ್ಲ ಊದಿದೆ, ಉಸಿರಿಗೆ ಕಷ್ಟಪಡುತ್ತಿದ್ದಾಳೆ, ಆಸ್ಪತ್ರೆಗೆ ಹೊರಟಿದ್ದೇವೆ ಎಂದ. "ಇನ್ನೊಂದು ಮಾತ್ರೆ ಕೊಡಬೇಡಿ, ನಾನೂ ಬಂದೆ" ಎನ್ನುತ್ತಲೇ ಅಕ್ಕ ಗ್ಲೌಸ್ ಕೂಡ ತೆಗೆಯದೆ ಓಡಿದಳು.

ನಾನೂ ಭಾವನೂ ಕೌಂಟರಿನಲ್ಲಿ ಕುಳಿತು ಉಳಿದವರ ವಿವರಗಳನ್ನು ತಾಳೆ ನೋಡಿದೆವು. ಬಾಯಿತುಂಬ ಬೈಯಬೇಕೆಂದಿದ್ದೆ, ಅವರ ಮುಖ ನೋಡಿ ಮುಂದಿನ ಹೆಸರು ತೆರೆದೆ. ನನಗೂ ಭಯವಾಗಿತ್ತು.

ಮಧ್ಯಾಹ್ನ ಅಕ್ಕನ ಫೋನ್ ಬಂತು. ಭಾವ ಸ್ಪೀಕರ್ ಹಾಕಿದರು.

"ಉಳ್ಕೊಂಡ್ಳು. ಈಗ ಮಾತಾಡ್ತಿದಾಳೆ."

"ಏನಂದ್ಳು? ಬೈದ್ಳಾ?" ಭಾವ ಕೇಳಿದರು.



"ಇಲ್ಲಾರೀ. 'ನಾನು ಹೇಳಿದ್ದೆನಲ್ಲಾ ಡಾಕ್ಟ್ರೇ, ಕೌಂಟರಿನಲ್ಲಿ ಅವರು ಬರ್ಕೊಂಡ್ರಲ್ಲಾ' ಅಂದ್ಳು. ಅಷ್ಟೇ."