ಪೊರೆ ಹಿಡಿದ ಉಂಗುರ

ಅಕ್ಕನ ತಣ್ಣಗಿನ ತೋಳನ್ನು ಲ್ಯಾಬಿನ ಬಿಳಿ ಕೋಟಿನೊಳಗೆ ತೂರಿಸುತ್ತಿದ್ದ ತಂಗಿ, ಅಕ್ಕನ ಶಿಷ್ಯೆ ಮತ್ತೆ ಗಡಿಯಾರ ನೋಡಿದ್ದನ್ನು ಕಂಡು ಅವಳತ್ತ ತಿರುಗಿದಳು.

"ಏನಮ್ಮ, ಆಗ್ಲಿಂದ ಚಡಪಡಿಸ್ತಿದೀಯ? ಮಣ್ಣು ಮಾಡೋದು ಸಂಜೆಗಲ್ವ?"

"ಲ್ಯಾಬಲ್ಲಿ ಮೇಡಂ ಅವ್ರ ಬ್ಯಾಕ್ಟೀರಿಯಾ ಬೆಳೆಸೋಕಿಟ್ಟಿದೀನಿ. ಈಗ ನೋಡದಿದ್ರೆ ಹಾಳಾಗತ್ತೆ. ಹೋಗ್ಲಿ ಬಿಡಿ, ಇನ್ನೊಮ್ಮೆ ಬೆಳೆಸಬಹುದು."

"ಮತ್ತಿನ್ನೇನು? ಪ್ರಯೋಗ ಏನಾಯ್ತು ಅಂತ ಸತ್ತೋಳಿಗೆ ಗೊತ್ತಾಗಿ ಏನಾಗ್ಬೇಕು?"

"ನನಗೆ ಗೊತ್ತಾಗ್ಬೇಕು." ಬಾಗಿಲ ಬಳಿ ಕೂತಿದ್ದ ಅಕ್ಕನ ಗಂಡ ಎದ್ದು ನಿಂತ. "ಆ ಹುಳಗಳಿಗೆ ಅಂತ ಅವಳನ್ನ ಎಷ್ಟು ಸಂಜೆ ಬಿಟ್ಟುಕೊಟ್ಟಿದೀನಿ. ಮಣ್ಣು ಹಾಕೋ ಮೊದಲು ಗೊತ್ತಾಗ್ಲಿ."

ತಂಗಿ ಕೋಟಿನ ಗುಂಡಿ ಹಾಕಿದಳು. "ಹೋಗ್ಬನ್ನಿ ಭಾವ. ನಾನಿಲ್ಲೇ ಇರ್ತೀನಿ. ಇವತ್ತೊಂದಿನ ಅವಳೂ ಎಲ್ಲೂ ಓಡಲ್ಲ."

*

ಹಿಂದೊಮ್ಮೆ ಅವನು ಹಾಲು ಕರೆಯುತ್ತಿದ್ದಾಗ ಹೆಂಡತಿ ಕೊಟ್ಟಿಗೆಯ ಗೋಡೆಗೊರಗಿ ನಿಂತು ಹೇಳಿದ್ದಳು:

"ಬ್ಯಾಕ್ಟೀರಿಯಾ ಒಂದು ಪುಟ್ಟ ಚೀಲ ಅನ್ಕೊಳ್ಳಿ. ಒಳಗೆ ಪ್ರೋಟೀನೆಲ್ಲ ಸಾಲಾಗಿ ಕೂಡಿ ಉಂಗುರ ಆಗತ್ತೆ. ಉಂಗುರ ಬಿಗಿದ್ರೆ ಒಂದು ಚೀಲ ಎರಡಾಗತ್ತೆ. ಆದ್ರೆ ಉಂಗುರಕ್ಕೆ ಚೀಲದ ಪೊರೆ ಹಿಡಿಯೋಕೆ ಕೈಯಿಲ್ಲ. ಬೇರೊಂದು ಪ್ರೋಟೀನು ಅದನ್ನ ಪೊರೆಗೆ ಹಿಡ್ಕೊಂಡಿರತ್ತೆ."

"ಅದನ್ನ ತೆಗೆದ್ರೆ?"

"ಒಡೆಯೋಕಾಗದೆ ದಾರದ ಹಾಗೆ ಉದ್ದಕ್ಕೆ ಬೆಳೆಯತ್ತೆ. ನಾನೀಗ ಉಂಗುರಕ್ಕೇ ಒಂದು ಬಾಲ ಅಂಟಿಸ್ಬೇಕು ಅಂತಿದೀನಿ. ಆ ಬಾಲ ಪೊರೆ ಹಿಡ್ಕೊಂಡ್ರೆ ಸಾಕು, ಬೇರೆ ಪ್ರೋಟೀನು ಬೇಡ. ಆಗಲ್ಲ ಅಂತ ಎಲ್ರೂ ನಗ್ತಾರೆ."

"ಹಿಡ್ಕೊಳ್ಳದಿದ್ರೆ?"

"ನಿಮ್ಮ ಜೊತೆ ಸಗಣಿ ಬಾಚ್ತೀನಿ."

"ಅಯ್ಯೋ, ಹಿಡ್ಕೊಳ್ಳಲಿ ಮಾರಾಯ್ತಿ!"

*

ಲ್ಯಾಬಿನ ಕತ್ತಲೆ ಮಾಡಿದ ಕೋಣೆಯಲ್ಲಿ ಶಿಷ್ಯೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅದರ ತಿರುಪನ್ನು ಹಿಂದೆ ಮುಂದೆ ತಿರುಗಿಸಿದಳು.

"ಕೆಟ್ಟಿದ್ರೂ ಹೇಳಮ್ಮ," ಎಂದ ಪಕ್ಕದಲ್ಲಿ ನಿಂತಿದ್ದ ಗಂಡ.

ಅವಳು ಎದ್ದು ಸ್ಟೂಲು ಬಿಟ್ಟುಕೊಟ್ಟಳು. "ನೀವೇ ನೋಡಿ ಅಂಕಲ್."

ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಉದ್ದನೆಯ ದಾರಗಳೇ. ಅವುಗಳ ನಡುವೆ ಒಂದು ಗಿಡ್ಡನೆಯದು. ಅದರ ನಡುವಿಗೆ ಹಸಿರು ಬಣ್ಣ ಹಚ್ಚಿದ ಉಂಗುರ ಪಟ್ಟಿಯಂತೆ ಹೊಳೆಯುತ್ತಿತ್ತು. ಪಟ್ಟಿಯ ಎರಡೂ ತುದಿ ಪೊರೆಗೆ ಅಂಟಿ, ಅದನ್ನು ಒಳಕ್ಕೆ ಜಗ್ಗುತ್ತಿದ್ದವು.

"ಹಿಡ್ಕೊಂಡಿದೆ," ಎಂದ ಅವನು, ಕಣ್ಣು ತೆಗೆಯದೆ.

"ಮೊದಲನೇ ಸಲ." ಶಿಷ್ಯೆ ಮೂಗೊರೆಸಿಕೊಂಡಳು. "ಹೋಗೋಣ್ವ? ಅಲ್ಲಿ ಎಲ್ರೂ ಕಾಯ್ತಿರ್ತಾರೆ."

"ತಡಿಯಮ್ಮ, ಇನ್ನೊಂಚೂರು."

ಕರು ಹಾಕುವ ಹಸುವಿನ ಪಕ್ಕ ಕೂರುವವನಂತೆ ಅವನು ಮೊಣಕಾಲ ಮೇಲೆ ಕೈಯಿಟ್ಟು ಕೂತ. ಆ ಗಿಡ್ಡನೆಯದರ ನಡು ಸಣ್ಣಗಾಗುತ್ತ ಎಳೆಯಾಯಿತು, ಎಳೆ ಕಡಿಯಿತು. ಎರಡು ಪುಟ್ಟ ಜೀವಗಳು ಒಂದನ್ನೊಂದು ಮೆಲ್ಲಗೆ ತಳ್ಳಿ, ಬೇರೆ ಬೇರೆ ದಿಕ್ಕಿಗೆ ಹೊರಳಿದವು.